ಬಹುಕಾಲ ಸೇವೆಮಾಡಿದ ತರಬೇತುದಾರರನ್ನು ಬದಲಿಸುವುದು ಯುಕ್ತವೋ?

ನಮ್ಮ ಶಾಲೆಯ ಚರ್ಚಾಕೂಟದಲ್ಲಿ ಮೇಲಿನ ತರಗತಿಯ ವಿದ್ಯಾರ್ಥಿನಿಯರು ಈ ವರ್ಷ ಒಂದು ವಿಷಯವನ್ನು ತಾವಾಗಿಯೇ ಆರಿಸಿಕೊಂಡು ವಾದಿಸಿದರು. ಒಂದು ಫುಟ್‌ಬಾಲ್ ಸಂಘವು ತನಗೆ ಬಹುಕಾಲ ಸೇವೆಮಾಡಿ ಕೀರ್ತಿಯನ್ನು ತಂದುಕೊಟ್ಟ ಮುಖ್ಯ ತರಬೇತುದಾರರನ್ನು, ಸೋಲುಗಳು ಹೆಚ್ಚಿದುವೆಂಬ ಕಾರಣದಿಂದ ಬದಲಿಸುವುದು ಯುಕ್ತವೋ ಅಯುಕ್ತವೋ ಎಂಬುದೇ ಆ ವಿಷಯ. ಹೆಣ್ಣುಮಕ್ಕಳ ಶಾಲೆಗೆ ಇಂಥ ಚರ್ಚೆಯೇಕೆಂದು ಸಭೆಗೆ ಬಂದಿದ್ದ ಹಿರಿಯರಲ್ಲಿ ಕೆಲವರು ಮುಗುಳ್ನಕ್ಕದ್ದುಂಟು. ಆದರೆ ಎರಡು ಪಕ್ಷದವರೂ ಚೆನ್ನಾಗಿ ಮಾತಾಡಿದರು. ಅಧ್ಯಕ್ಷಸ್ಥಾನದಲ್ಲಿದ್ದ ನಾವು ಹೊತ್ತುಹೊತ್ತಿಗೆ ಗಂಟೆ ಬಾರಿಸಿ, ವಾದದ ಕ್ರಮಕ್ಕೂ ಭಾಷೆಯ ಶುದ್ಧಿಗೂ ಅಂಕಗಳನ್ನು ಕೊಟ್ಟೆವೇ ಹೊರತು ವಿಷಯದ ಮೇಲೆ ನಮ್ಮ ಅಭಿಪ್ರಾಯವನ್ನು ತಿಳಿಸಲಿಲ್ಲ. ಸಭೆ ಮುಗಿದ ಮೇಲೆ ಸೋತ ಪಕ್ಷದ ಹುಡುಗಿಯೊಬ್ಬಳು ನಮ್ಮ ಕೊಠಡಿಯ ಬಾಗಿಲಿಗೆ ಬಂದು, "ಅಮ್ಮನವರೇ, ಅಂಕಗಳ ಮಾತು ಇರಲಿ, ತಮಗೆ ಯಾವುದು ಸರಿಯೆಂದು ತೋರುತ್ತದೆ?" ಎಂದು ಕೇಳಿದಳು. ಯೋಚಿಸಿ ಹೇಳುತ್ತೇವೆಂದು ಅವಳನ್ನು ಕಳುಹಿಸಿಕೊಟ್ಟೆವು. ಈ ಸ್ಮರಣಸಂಚಿಕೆಗೆ ಲೇಖನ ಬೇಕೆಂದು ಸಂಪಾದಕವರ್ಗದವರು ಕೇಳಿದಾಗ, ಆ ಸಾಲವನ್ನು ತೀರಿಸಲು ಇದೇ ಸಮಯವೆಂದು ನಮಗೆ ತೋರಿತು.

ಮೊದಲು ವಿಷಯದ ನೆಲೆಯನ್ನು ಗೊತ್ತುಮಾಡಿಕೊಳ್ಳೋಣ. ಫುಟ್‌ಬಾಲ್ ತಂಡದ ತರಬೇತುದಾರನೆಂದರೆ ಬೆಳಿಗ್ಗೆ ಸೀಟಿ ಊದಿ ಹುಡುಗರನ್ನು ಓಡಿಸುವವನಷ್ಟೇ ಅಲ್ಲ. ಯಾವ ಆಟಗಾರನನ್ನು ಕರೆತರಬೇಕು, ಯಾರನ್ನು ಬಿಟ್ಟುಕೊಡಬೇಕು, ಯಾರು ಯಾವ ಸ್ಥಾನದಲ್ಲಿ ನಿಲ್ಲಬೇಕು, ಅವರು ಏನನ್ನು ಉಣ್ಣಬೇಕು, ಎಷ್ಟು ಹೊತ್ತು ನಿದ್ರಿಸಬೇಕು ಎಂಬುದೆಲ್ಲವೂ ಅವನ ವಿಚಾರಕ್ಕೆ ಸೇರಿದ್ದು. ಇಂಗ್ಲೆಂಡಿನಲ್ಲಿ ಅವನನ್ನು ಮ್ಯಾನೇಜರ್ ಎಂದು ಕರೆಯುವುದು ಇದರಿಂದಲೇ. ತಂಡವು ಗೆದ್ದರೆ ಚೆಂಡನ್ನು ಬಲೆಗೆ ಹೊಡೆದವನಿಗೆ ಜಯಘೋಷ, ಸೋತರೆ ತರಬೇತುದಾರನಿಗೆ ನಿಂದೆ. ಕೆಲವು ತಿಂಗಳ ಸೋಲಿಗೇ ಅಲ್ಲಿ ಅನೇಕರು ಕೆಲಸವನ್ನು ಕಳೆದುಕೊಂಡಿದ್ದಾರೆ. ಹೀಗಿರುವಲ್ಲಿ ಒಬ್ಬರು ಒಂದೇ ಸಂಘದಲ್ಲಿ ಸುಮಾರು 22 ವರ್ಷ ನಿಂತರೆಂದರೆ ಅದು ಸಾಮಾನ್ಯವಾದ ಸಂಗತಿಯಲ್ಲ. ನಮ್ಮ ವಿದ್ಯಾರ್ಥಿನಿಯರು ದೃಷ್ಟಾಂತವಾಗಿ ತೆಗೆದುಕೊಂಡದ್ದು ಅಂಥವರೊಬ್ಬರ ವೃತ್ತಾಂತವನ್ನು: ಲಂಡನ್ ನಗರದ ಆರ್ಸೆನಲ್ ಸಂಘಕ್ಕೆ 1996ನೆಯ ಇಸವಿಯಿಂದ 2018ರ ವರೆಗೆ ತರಬೇತುದಾರರಾಗಿದ್ದ ಆರ್ಸೆನ್ ವೆಂಗರ್ ಮಹಾಶಯರದನ್ನು. ನಾವೂ ಅದನ್ನೇ ಮುಂದಿಟ್ಟುಕೊಂಡು ವಿಚಾರಿಸುವೆವು.

ವೆಂಗರ್ ಮಹಾಶಯರು 1949ರಲ್ಲಿ ಫ್ರಾನ್ಸ್ ದೇಶದ ಸ್ಟ್ರಾಸ್‌ಬುರ್ಗ್ ನಗರದಲ್ಲಿ ಹುಟ್ಟಿದರು. ಅವರ ತಂದೆತಾಯಿಗಳು ಸಮೀಪದ ಹಳ್ಳಿಯೊಂದರಲ್ಲಿ ಭೋಜನಶಾಲೆಯನ್ನು ನಡೆಸುತ್ತಿದ್ದರು. ಆಟಗಾರರಾಗಿ ಅವರು ಹೇಳಿಕೊಳ್ಳುವಂಥ ಹೆಸರನ್ನು ಪಡೆಯಲಿಲ್ಲ. ಆದರೆ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನು ಓದಿ ಪದವಿ ಪಡೆದವರು. 1988ರಲ್ಲಿ ಮೊನಾಕೋ ತಂಡಕ್ಕೆ ಫ್ರಾನ್ಸಿನ ಲೀಗ್ ಪ್ರಶಸ್ತಿಯನ್ನು ಗೆಲ್ಲಿಸಿಕೊಟ್ಟರು. ಬಳಿಕ ಜಪಾನಿನ ನಗೋಯ ನಗರದ ತಂಡವನ್ನು ತಿದ್ದಿದರು. ಅಲ್ಲಿಂದ 1996ರ ಅಕ್ಟೋಬರಿನಲ್ಲಿ ಆರ್ಸೆನಲ್ಲಿಗೆ ಬಂದಾಗ ಇಂಗ್ಲೆಂಡಿನಲ್ಲಿ ಅವರನ್ನು ಬಲ್ಲವರು ವಿರಳ. ಈ ಆರ್ಸೆನ್ ಎಂಬವನು ಯಾರು ಎಂದು ಲಂಡನ್ನಿನ ಪತ್ರಿಕೆಯೊಂದು ಹಾಸ್ಯಮಾಡಿ ಶಿರೋನಾಮೆ ಕೊಟ್ಟಿತಂತೆ.

ಯಾರೆಂಬುದು ಬೇಗನೆ ತಿಳಿಯಿತು. ಅವರು ಮೊದಲು ಕೈಯಿಟ್ಟದ್ದು ಆಟಗಾರರ ತಟ್ಟೆಯ ಮೇಲೆ. ಸಿಹಿತಿಂಡಿಗಳೂ ಕರಿದ ಪದಾರ್ಥಗಳೂ ಹೋಗಿ, ಹಬೆಯಲ್ಲಿ ಬೇಯಿಸಿದ ಮೀನು, ತರಕಾರಿಗಳು ಬಂದುವು. ಆಟಕ್ಕೆ ಮುಂಚೆಯೂ ಅನಂತರವೂ ಮೈಯನ್ನು ಸಡಿಲಿಸುವ ವ್ಯಾಯಾಮಗಳನ್ನು ಕಲಿಸಿದರು. ಮುದುಕರಾದರೆಂದು ಜನರು ಎಣಿಸಿದ್ದ ರಕ್ಷಕ ಆಟಗಾರರು ಈ ಕ್ರಮದಿಂದ ಮತ್ತೆ ಹಲವು ವರ್ಷ ಆಡಿದರು. 1998ರಲ್ಲಿಯೂ 2002ರಲ್ಲಿಯೂ ತಂಡವು ಲೀಗ್ ಪ್ರಶಸ್ತಿಯನ್ನೂ ಎಫ್.ಎ. ಕಪ್ಪನ್ನೂ ಒಂದೇ ಋತುವಿನಲ್ಲಿ ಗೆದ್ದಿತು. 2003-04ರ ಋತುವಿನಲ್ಲಿಯಂತೂ 38 ಲೀಗ್ ಪಂದ್ಯಗಳಲ್ಲಿ 26ನ್ನು ಗೆದ್ದು, 12ನ್ನು ಸಮ ಮಾಡಿಕೊಂಡು, ಒಂದನ್ನೂ ಸೋಲದೆ ಪ್ರಶಸ್ತಿಯನ್ನು ಪಡೆಯಿತು. ಅದಕ್ಕೆ ಮುಂಚೆ ಇಂಗ್ಲೆಂಡಿನ ಮೇಲ್ದರ್ಜೆಯ ಲೀಗಿನಲ್ಲಿ ಒಂದು ತಂಡವು ಸೋಲದೆ ಋತುವನ್ನು ಮುಗಿಸಿದ್ದು 1888-89ರಲ್ಲಿ, ಆಗ ಪಂದ್ಯಗಳಿದ್ದುದು 22 ಮಾತ್ರ. ಈ ಅಜೇಯ ಓಟವು 49 ಲೀಗ್ ಪಂದ್ಯಗಳ ವರೆಗೆ ನಡೆದು 2004ರ ಅಕ್ಟೋಬರಿನಲ್ಲಿ ನಿಂತಿತು.

ಆ ಬಳಿಕ ಕಷ್ಟಕಾಲ ಬಂತು. ಸಂಘವು ಸುಮಾರು 38,000 ಜನರು ಹಿಡಿಯುತ್ತಿದ್ದ ತನ್ನ ಹಳೆಯ ಹೈಬರಿ ಕ್ರೀಡಾಂಗಣವನ್ನು ಬಿಟ್ಟು, ಸುಮಾರು 60,000 ಜನರಿಗೆ ಸ್ಥಳವುಳ್ಳ ಹೊಸ ಕ್ರೀಡಾಂಗಣಕ್ಕೆ 2006ರಲ್ಲಿ ಹೋಯಿತು. ಅದರ ವೆಚ್ಚವು 390 ಮಿಲಿಯ, ಅಂದರೆ 39 ಕೋಟಿ, ಪೌಂಡುಗಳು. ಸಾಲದ ಭಾರದಿಂದ ದೊಡ್ಡ ಬೆಲೆಯ ಆಟಗಾರರನ್ನು ತರುವುದು ಕಷ್ಟವಾಯಿತು. ಇದ್ದ ಒಳ್ಳೆಯವರು ಒಬ್ಬೊಬ್ಬರಾಗಿ ಹೊರಟರು. ವೆಂಗರ್ ಮಹಾಶಯರು ಎಳೆಯರನ್ನು ಕಟ್ಟಿಕೊಂಡು, ಇದ್ದುದರಲ್ಲಿ ಸಂಸಾರ ತೂಗಿಸುವ ಗೃಹಿಣಿಯಂತೆ, ತಂಡವನ್ನು ಪ್ರತಿವರ್ಷವೂ ಮೊದಲ ನಾಲ್ಕು ಸ್ಥಾನಗಳೊಳಗೆ ಉಳಿಸಿದರು. 1996-97ರಿಂದ 2015-16ರ ವರೆಗೆ 20 ಋತುಗಳಲ್ಲಿ ಒಮ್ಮೆಯೂ ತಂಡವು ನಾಲ್ಕರ ಕೆಳಗೆ ಇಳಿಯಲಿಲ್ಲ. ಇದು ಪ್ರಶಸ್ತಿಯಲ್ಲದಿದ್ದರೂ ಸಣ್ಣ ಸಾಧನೆಯಲ್ಲ.

ಆದರೂ ಪ್ರಶಸ್ತಿಗಳು ನಿಂತುಹೋದದ್ದು ನಿಜ. 2005ರ ಎಫ್.ಎ. ಕಪ್ಪಿನ ತರುವಾಯ 2014ರ ಮೇ ತಿಂಗಳವರೆಗೆ ದೊಡ್ಡ ಪ್ರಶಸ್ತಿ ಒಂದೂ ಬರಲಿಲ್ಲ. 2011ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನೆದುರು 8-2 ಗೋಲುಗಳ ಸೋಲು. 2014ರ ಮಾರ್ಚಿನಲ್ಲಿ, ಅವರ ಆಳಿಕೆಯ 1000ನೆಯ ಪಂದ್ಯದ ದಿನವೇ, ಚೆಲ್ಸಿಯೆದುರು 6-0 ಗೋಲುಗಳ ಸೋಲು. 2014, 2015, 2017ರಲ್ಲಿ ಎಫ್.ಎ. ಕಪ್ಪು ಮತ್ತೆ ಬಂತು. ಹೀಗೆ ಅವರು ಗೆಲ್ಲಿಸಿದ ಎಫ್.ಎ. ಕಪ್ಪುಗಳು ಒಟ್ಟು ಏಳು. ಆದರೆ ಲೀಗ್ ಪ್ರಶಸ್ತಿಯು 2004ರ ಬಳಿಕ ಅವರ ಕೈಗೆ ಬರಲೇ ಇಲ್ಲ. ಪ್ರೇಕ್ಷಕರು ಎರಡು ಪಂಗಡವಾದರು. 2017ರ ಮಾರ್ಚ್ ತಿಂಗಳಲ್ಲಿ ವೆಸ್ಟ್ ಬ್ರಾಮ್‌ವಿಚ್ ಎಂಬಲ್ಲಿ ಪಂದ್ಯ ನಡೆಯುತ್ತಿರುವಾಗ, ವೆಂಗರರನ್ನು ಕಳುಹಿಸಿರಿ ಎಂಬ ಬರಹವನ್ನು ಎಳೆದುಕೊಂಡು ಒಂದು ವಿಮಾನವು ಆಕಾಶದಲ್ಲಿ ಹಾರಿತು. ಅವರನ್ನು ಗೌರವಿಸಿರಿ ಎಂಬ ಬರಹದೊಡನೆ ಇನ್ನೊಂದು ಹಾರಿತು. ಕೆಳಗೆ ತಂಡವು 3-1ರಿಂದ ಸೋಲುತ್ತಿತ್ತು. ಇಪ್ಪತ್ತು ವರ್ಷ ದುಡಿದ ಹಿರಿಯರೊಬ್ಬರು ತಲೆಯ ಮೇಲೆ ತಮ್ಮ ಹೆಸರಿನ ಜಗಳವನ್ನು ಕಾಣಬೇಕಾದ ಆ ಸ್ಥಿತಿಯನ್ನು ನೆನೆದರೆ ಯಾರಿಗೂ ಮರುಕ ಹುಟ್ಟದೆ ಇರದು.

ಇನ್ನು ಉಭಯಪಕ್ಷಗಳ ವಾದವನ್ನು ತೂಗೋಣ. ಉಳಿಸಿಕೊಳ್ಳಬೇಕೆಂದ ನಮ್ಮ ಹುಡುಗಿಯರು ಮೂರು ಮಾತುಗಳನ್ನು ಹೇಳಿದರು. ಮೊದಲನೆಯದು ಕೃತಜ್ಞತೆ. "ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ" ಎಂಬ ಗಾದೆಯನ್ನು ತಿಳಿದವರು ಇದನ್ನು ತಳ್ಳಿಹಾಕಲಾರರು. ಎರಡನೆಯದು ತಾಳ್ಮೆ. ಮ್ಯಾಂಚೆಸ್ಟರ್ ಯುನೈಟೆಡ್ ಸಂಘಕ್ಕೆ 1986ರ ನವೆಂಬರಿನಲ್ಲಿ ಬಂದ ಅಲೆಕ್ಸ್ ಫರ್ಗುಸನ್ ಮಹಾಶಯರು ಮೊದಲ ಮೂರು ವರ್ಷಗಳಲ್ಲಿ ಏನನ್ನೂ ಗೆಲ್ಲಲಿಲ್ಲ. 1989ರ ಡಿಸೆಂಬರಿನಲ್ಲಿ, ಮೂರು ವರ್ಷಗಳ ನೆವಗಳು ಸಾಕು, ಹೊರಡಿರಿ ಎಂಬರ್ಥದ ಬಟ್ಟೆಯನ್ನು ಅವರ ಕ್ರೀಡಾಂಗಣದಲ್ಲೇ ಹಿಡಿದರು. ಸಂಘದವರು ಕಿವಿಗೊಡಲಿಲ್ಲ. 1990ರ ಮೇ ತಿಂಗಳಲ್ಲಿ ಎಫ್.ಎ. ಕಪ್ಪು ಬಂತು, 2013ರಲ್ಲಿ ಅವರು ತಾವಾಗಿಯೇ ಬಿಡುವಷ್ಟರಲ್ಲಿ 13 ಲೀಗ್ ಪ್ರಶಸ್ತಿಗಳು ಬಂದಿದ್ದುವು. ಅಂದು ಕಳುಹಿಸಿದ್ದರೆ ಇವೆಲ್ಲ ಎಲ್ಲಿ? ಮೂರನೆಯದು ಭಯ. ಹಳಬರನ್ನು ಕಳುಹಿಸಿದರೆ ಬರುವವರು ಮೇಲೆಂದು ಯಾರು ಬಲ್ಲರು? ಅದೇ ಮ್ಯಾಂಚೆಸ್ಟರಿನವರು ಫರ್ಗುಸನ್ನರ ತರುವಾಯ ಡೇವಿಡ್ ಮೊಯ್ಸ್ ಎಂಬವರಿಗೆ ಆರು ವರ್ಷಗಳ ಕರಾರನ್ನು ಬರೆದುಕೊಟ್ಟು, ಹತ್ತು ತಿಂಗಳೊಳಗೆ, 2014ರ ಏಪ್ರಿಲಿನಲ್ಲಿ, ಅವರನ್ನು ಬಿಡಿಸಿದರು.

ಬದಲಿಸಬೇಕೆಂದವರ ವಾದವು ಚಿಕ್ಕದಾದರೂ ಚೂಪಾಗಿತ್ತು. ಸಂಘವಿರುವುದು ಆಟಕ್ಕಾಗಿ; ತರಬೇತುದಾರರ ಗೌರವಕ್ಕಾಗಿ ಆಟವಿಲ್ಲ. ಹಿಂದಣ ಕೀರ್ತಿಯನ್ನು ಎಷ್ಟು ಕಾಲ ಬಡ್ಡಿಯಂತೆ ತಿನ್ನಬಹುದು? ಸೋತ ತಂಡಕ್ಕೆ ಹೊಸ ಬುದ್ಧಿ, ಹೊಸ ದೃಷ್ಟಿ ಬೇಕು. ಇಷ್ಟೇ ಅವರ ಮಾತು.

ನಮ್ಮ ಅಭಿಪ್ರಾಯವನ್ನು ಈಗ ಹೇಳುವೆವು. ಎರಡು ಪಕ್ಷದವರೂ ಅಳೆಯಬಾರದ ಕೋಲಿನಿಂದ ಅಳೆದರೆಂದು ನಮಗೆ ತೋರುತ್ತದೆ. ಒಬ್ಬರು ವರ್ಷಗಳನ್ನು ಎಣಿಸಿದರು, ಇನ್ನೊಬ್ಬರು ಸೋಲುಗಳನ್ನು ಎಣಿಸಿದರು. ಸೇವೆಯ ವರ್ಷಗಳು ಹೆಚ್ಚಾದುದು ಉಳಿಸಿಕೊಳ್ಳಲು ಕಾರಣವಲ್ಲ, ಕಳುಹಿಸಲೂ ಕಾರಣವಲ್ಲ. ಸೋಲೂ ಹಾಗೆಯೇ. 1989ರಲ್ಲಿ ಫರ್ಗುಸನ್ನರು ಸೋಲುತ್ತಿದ್ದರೂ ಕಟ್ಟುತ್ತಿದ್ದರು. ಎಳೆಯ ಹುಡುಗರನ್ನು ಹುಡುಕಿ ತರುವ, ತಿದ್ದುವ ಕೆಲಸ ಸಂಘದೊಳಗೆ ನಡೆದಿತ್ತು. ನೋಡಬೇಕಾದದ್ದು ಇದನ್ನು: ಅವರ ಕೈಕೆಳಗಿರುವವರು ಇನ್ನೂ ಕಲಿಯುತ್ತಿರುವರೋ? ಕಳೆದ ವರ್ಷದ ತಪ್ಪು ಈ ವರ್ಷ ತಿದ್ದಲ್ಪಟ್ಟಿದೆಯೋ?

ಉಪಾಧ್ಯಾಯಿನಿಯರಾದ ನಮಗೆ ಈ ಪರೀಕ್ಷೆ ಹೊಸದಲ್ಲ. ಒಬ್ಬ ಹುಡುಗಿ ಗಣಿತದಲ್ಲಿ ನಪಾಸಾದರೆ ನಾವು ಕಂಗೆಡುವುದಿಲ್ಲ. ಅವಳ ಹಳೆಯ ಉತ್ತರಪತ್ರಿಕೆಯನ್ನು ತೆಗೆದು ಹೊಸದರ ಪಕ್ಕದಲ್ಲಿಟ್ಟು ನೋಡುತ್ತೇವೆ. ಬೇರೆ ಬೇರೆ ತಪ್ಪುಗಳಿದ್ದರೆ ಅವಳು ನಡೆಯುತ್ತಿದ್ದಾಳೆ. ಅದೇ ತಪ್ಪು ಅದೇ ಸ್ಥಳದಲ್ಲಿದ್ದರೆ ನಿಂತಿದ್ದಾಳೆ. ಆರ್ಸೆನಲ್ಲಿನ ಪತ್ರಿಕೆಗಳನ್ನು ಹಾಗೆ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಯುರೋಪಿನ ದೊಡ್ಡ ತಂಡಗಳು ಸೇರುವ ಚಾಂಪಿಯನ್ಸ್ ಲೀಗಿನಲ್ಲಿ 2011ರಿಂದ 2017ರ ವರೆಗೆ ಏಳು ವರ್ಷ ಎಡೆಬಿಡದೆ ಅದು ಕೊನೆಯ 16 ತಂಡಗಳ ಸುತ್ತಿನಲ್ಲಿಯೇ ಹೊರಬಿತ್ತು. 2017ರಲ್ಲಿ ಮ್ಯೂನಿಕ್ಕಿನ ಬಯರ್ನ್ ತಂಡದೆದುರು ತವರಲ್ಲಿ 5-1, ಅವರಲ್ಲಿ 5-1, ಒಟ್ಟಿಗೆ 10-2ರಿಂದ ಸೋತಿತು. ಇದು ದುರದೃಷ್ಟವೆಂದು ಒಂದು ವರ್ಷ ಹೇಳಬಹುದು, ಎರಡು ವರ್ಷ ಹೇಳಬಹುದು. ಏಳನೆಯ ವರ್ಷದಲ್ಲಿಯೂ ಅದನ್ನೇ ಹೇಳಿದರೆ, ಕುಣಿಯಲಾರದವಳು ನೆಲ ಡೊಂಕೆಂದ ಹಾಗಾಗುವುದು. ಸಾಲದ ಕಾಲದಲ್ಲಿ ಹಣವಿಲ್ಲವೆಂಬ ಸಮಾಧಾನವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಆದರೆ 2013ರಿಂದ ಸಂಘವು ಮತ್ತೆ ದೊಡ್ಡ ಬೆಲೆಗೆ ಆಟಗಾರರನ್ನು ತರತೊಡಗಿತ್ತು. ಆ ಸಮಾಧಾನ ಮುಗಿದ ಮೇಲೂ ತಪ್ಪು ಹಾಗೆಯೇ ಉಳಿಯಿತು.

ಇಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ಕಲಕುವ ಒಂದು ಸಂಗತಿ ಉಂಟು. ಎರಡು ಪಕ್ಷದ ಹುಡುಗಿಯರೂ ಅದನ್ನು ಹೇಳಲಿಲ್ಲ. ತರಬೇತುದಾರರ ಕಾಲವು ದೀರ್ಘ, ಆಟಗಾರನದು ಅಲ್ಪ. ಒಬ್ಬ ಫುಟ್‌ಬಾಲ್ ಆಟಗಾರನು ತನ್ನ ಪೂರ್ಣಶಕ್ತಿಯಿಂದ ಆಡುವುದು ಹತ್ತು ಹನ್ನೆರಡು ವರ್ಷ. ಗುರುವಿಗೆ "ಮುಂದಿನ ಋತುವಿನಲ್ಲಿ ಸರಿಮಾಡುವೆ" ಎನ್ನುವುದು ಸುಲಭ. ಶಿಷ್ಯನಿಗೆ ಆ ಮುಂದಿನ ಋತುವೆಂಬುದು ಆಯುಷ್ಯದ ಹತ್ತನೆಯ ಒಂದು ಭಾಗ. ಆರ್ಸೆನಲ್ಲಿನ ನಾಯಕನಾಗಿದ್ದ ರಾಬಿನ್ ವಾನ್ ಪರ್ಸಿ ಎಂಬಾತನು ಎಂಟು ವರ್ಷ ಅಲ್ಲಿ ಆಡಿ, ಒಂದೂ ಲೀಗ್ ಪ್ರಶಸ್ತಿಯನ್ನು ಕಾಣದೆ, 29ನೆಯ ವಯಸ್ಸಿನಲ್ಲಿ, 2012ರಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಹೋದನು. ಮರುವರ್ಷವೇ ಲೀಗ್ ಪ್ರಶಸ್ತಿಯನ್ನು ಗೆದ್ದನು. ಅವನನ್ನು ದ್ರೋಹಿಯೆಂದು ಕೂಗಿದವರು ಬಹಳ. ನಾವು ಹಾಗೆನ್ನಲಾರೆವು. ಕಾಯುವುದಕ್ಕೆ ಅವನಲ್ಲಿ ವರ್ಷಗಳು ಉಳಿದಿರಲಿಲ್ಲ. ಹಿರಿಯರ ಗೌರವಕ್ಕೆ ಕುಂದು ಬಾರದಿರಲೆಂದು ಒಂದು ಸಂಸ್ಥೆ ತಡಮಾಡುವಾಗ, ಆ ತಡದ ಬೆಲೆಯನ್ನು ತೆರುವವರು ಎಳೆಯರು. ಅವರು ಕರಾರಿನ ಸಭೆಯಲ್ಲಿ ಕೂತಿರುವುದಿಲ್ಲ. ಅವರ ಪರವಾಗಿ ಕೂತಿರುವವರು ಇದನ್ನು ನೆನೆಯಬೇಕು.

ಹಾಗಾದರೆ ಕೃತಜ್ಞತೆಗೆ ಸ್ಥಳವಿಲ್ಲವೇ ಎಂದು ಕೇಳುವಿರಿ. ಉಂಟು, ದೊಡ್ಡ ಸ್ಥಳವೇ ಉಂಟು. ಪರಂತು ಕೃತಜ್ಞತೆಯನ್ನು ಸಲ್ಲಿಸುವ ವಿಧಾನ ಬೇರೆ, ಅಧಿಕಾರವನ್ನು ಕೊಡುವ ವಿಧಾನ ಬೇರೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದರು. ಮುಪ್ಪಿನ ತನಕ ಅವರ ಕೈಯಿಂದಲೇ ಅಡಿಗೆ ಮಾಡಿಸು ಎನ್ನಲಿಲ್ಲ. 2017ರ ಮೇ 27ರಂದು ವೆಂಗರ್ ಮಹಾಶಯರ ತಂಡವು ಚೆಲ್ಸಿಯನ್ನು 2-1ರಿಂದ ಸೋಲಿಸಿ ಎಫ್.ಎ. ಕಪ್ಪನ್ನು ಗೆದ್ದಿತು. ಲೀಗಿನಲ್ಲಿ ಆ ವರ್ಷ ಮೊದಲ ಸಲ ಐದನೆಯ ಸ್ಥಾನಕ್ಕೆ ಇಳಿದಿದ್ದರೂ ಕೊನೆಯ ದಿನ ಕೈಯಲ್ಲಿ ಕಪ್ಪಿತ್ತು. ಅವರ ಕರಾರಿನ ಅವಧಿಯೂ ಆಗಲೇ ಮುಗಿಯುತ್ತಿತ್ತು. ಮಾನದಿಂದ ಬೀಳ್ಕೊಡಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾವುದು? ಆದರೆ ಮೇ 31ರಂದು ಸಂಘದ ಒಡೆಯರು ಮತ್ತೆ ಎರಡು ವರ್ಷಗಳ ಕರಾರನ್ನು ಬರೆದರು. ಅದರಲ್ಲಿ ಒಂದೇ ವರ್ಷ ನಡೆಯಿತು. ತಂಡವು ಆರನೆಯ ಸ್ಥಾನಕ್ಕೆ ಇಳಿದು, ಕ್ರೀಡಾಂಗಣದಲ್ಲಿ ಕುರ್ಚಿಗಳು ಖಾಲಿಬಿದ್ದು, 2018ರ ಏಪ್ರಿಲ್ 20ರಂದು ಅವರು ಋತುವಿನ ಕೊನೆಗೆ ಬಿಡುವರೆಂದು ಪ್ರಕಟವಾಯಿತು.

ಆದುದರಿಂದ ನಮ್ಮ ತೀರ್ಪು ಹೀಗಿದೆ: ಆರ್ಸೆನಲ್ ಸಂಘವು ವೆಂಗರ್ ಮಹಾಶಯರನ್ನು ಬದಲಿಸಿದ್ದು ಯುಕ್ತವೇ, 2017ರಲ್ಲಿ ಬದಲಿಸದೆ ಬಿಟ್ಟದ್ದು ಅಯುಕ್ತ. ಅಪರಾಧವನ್ನು ಹಂಚುವುದಾದರೆ ಅದರಲ್ಲಿ ಹೆಚ್ಚಿನ ಪಾಲನ್ನು ಒಡೆಯರ ಮೇಲೆ ಹೊರಿಸುವೆವು. ತಾನು ಪ್ರೀತಿಸುವ ಕೆಲಸವನ್ನು ಬಿಡಲು ಯಾರಿಗೂ ಮನಸ್ಸು ಬಾರದು. ಆ ಮಾತನ್ನು ಪ್ರೀತಿಯಿಂದಲೂ ದೃಢತೆಯಿಂದಲೂ ಕೋಣೆಯೊಳಗೆ ಹೇಳುವುದಕ್ಕಾಗಿಯೇ ಆಡಳಿತವರ್ಗವೆಂಬುದು ಇರುವುದು. ಅವರು ಬಾಯಿ ಮುಚ್ಚಿಕೊಂಡು ಕೂತುದರಿಂದ ಆ ಮಾತನ್ನು ವಿಮಾನಗಳು ಹೇಳಬೇಕಾಯಿತು.

ಆದರೂ ಉಳಿಸಿಕೊಳ್ಳಬೇಕೆಂದ ಹುಡುಗಿಯರ ಮೂರನೆಯ ಮಾತು, ಭಯದ ಮಾತು, ಇನ್ನೂ ನಿಂತಿದೆ. ಬದಲಿಸಿದ ಮಾತ್ರಕ್ಕೆ ಒಳ್ಳೆಯದಾಗುವುದೋ? ಆಗುವುದಿಲ್ಲವೆಂದು ಆರ್ಸೆನಲ್ಲೇ ಸಾಕ್ಷಿ ಹೇಳುತ್ತದೆ. 2018ರ ಮೇ ತಿಂಗಳಲ್ಲಿ ಹೊರಗಿನಿಂದ ತಂದ ಊನಾಯ್ ಎಮರಿ ಎಂಬವರನ್ನು 2019ರ ನವೆಂಬರಿನಲ್ಲಿ ಬಿಡಿಸಿದರು. ಆಗ ಬಂದವರು ಮಿಕೆಲ್ ಅರ್ಟೆಟಾ. ಅವರು ವೆಂಗರ್ ಮಹಾಶಯರ ಕೈಕೆಳಗೆಯೇ ಐದು ವರ್ಷ ಆಡಿ, ನಾಯಕರೂ ಆಗಿದ್ದವರು. ಮೊದಲೆರಡು ಋತುಗಳಲ್ಲಿ ತಂಡವು ಎಂಟನೆಯ ಸ್ಥಾನದಲ್ಲಿ ನಿಂತಿತು, 2020ರಲ್ಲಿ ಎಫ್.ಎ. ಕಪ್ಪು ಬಂದರೂ ಜನರು ಗೊಣಗುತ್ತಲೇ ಇದ್ದರು. ಈ ಸಲ ಒಡೆಯರು ಅವಸರಪಡಲಿಲ್ಲ. ತಪ್ಪುಗಳು ತಿದ್ದಲ್ಪಡುತ್ತಿವೆಯೆಂಬುದನ್ನು ಕಂಡಿದ್ದರು. 2023, 2024, 2025, ಈ ಮೂರು ವರ್ಷ ತಂಡವು ಲೀಗಿನಲ್ಲಿ ಎರಡನೆಯ ಸ್ಥಾನಕ್ಕೆ ಬಂತು.

ಇದಕ್ಕಿಂತ ಉತ್ತಮವಾದ ದಾರಿಯನ್ನು ಲಿವರ್‌ಪೂಲ್ ಸಂಘದವರು ಹಿಂದೆಯೇ ತೋರಿಸಿದ್ದರು. 1959ರಿಂದ ಆ ಸಂಘವನ್ನು ನೆಲದಿಂದ ಮೇಲಕ್ಕೆತ್ತಿದ ಬಿಲ್ ಶ್ಯಾಂಕ್ಲಿ ಮಹಾಶಯರು 1974ರಲ್ಲಿ, ಎಫ್.ಎ. ಕಪ್ಪು ಗೆದ್ದ ಬೇಸಿಗೆಯಲ್ಲಿಯೇ, ತಾವಾಗಿ ಬಿಟ್ಟರು. ಅವರ ಸ್ಥಾನಕ್ಕೆ ಬಂದವರು ಅದೇ ಸಂಘದಲ್ಲಿ ಆಟಗಾರರಾಗಿ, ಗಾಯಗೊಂಡವರ ಉಪಚಾರಕರಾಗಿ, ಸಹಾಯಕರಾಗಿ ದಶಕಗಳನ್ನು ಕಳೆದ ಬಾಬ್ ಪೇಸ್ಲಿ. ಮಾತು ಕಡಿಮೆಯ ಮನುಷ್ಯ. ಒಂಬತ್ತು ವರ್ಷಗಳಲ್ಲಿ ಅವರು ಆರು ಲೀಗ್ ಪ್ರಶಸ್ತಿಗಳನ್ನೂ ಮೂರು ಯುರೋಪಿಯನ್ ಕಪ್ಪುಗಳನ್ನೂ ಗೆಲ್ಲಿಸಿದರು. ಉತ್ತರಾಧಿಕಾರಿಯನ್ನು ಸಿದ್ಧಮಾಡಿಟ್ಟುಕೊಂಡ ಮನೆಗೆ ಹಿರಿಯರು ಹೊರಟಾಗ ದುಃಖವಾಗುವುದು, ದಿಕ್ಕುತಪ್ಪುವುದಿಲ್ಲ.

ನಮ್ಮ ದೇಶದ ಒಂದು ಉದಾಹರಣೆಯನ್ನು ಇಲ್ಲಿ ಹೇಳದೆ ಇರಲಾರೆವು. ಯಾಕೆಂದರೆ ಆ ಮಹನೀಯರು ನಮ್ಮಂತೆಯೇ ಶಾಲೆಯ ಉಪಾಧ್ಯಾಯರಾಗಿದ್ದವರು. ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಂ ಸಾಹೇಬರು 1950ರಿಂದ ಭಾರತದ ಫುಟ್‌ಬಾಲ್ ತಂಡಕ್ಕೆ ಶಿಕ್ಷಕರಾದರು. ಅವರ ಕಾಲದಲ್ಲಿ ಭಾರತವು 1951ರ ದೆಹಲಿಯ ಏಷ್ಯಾ ಕ್ರೀಡೆಗಳಲ್ಲಿ ಚಿನ್ನವನ್ನು ಗೆದ್ದಿತು; 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು, ಬೆಂಗಳೂರಿನ ಕೆಂಪಯ್ಯನವರು ಆ ತಂಡದಲ್ಲಿದ್ದರು. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನವನ್ನು ತಂದಿತು. ಆಗಲೇ ರಹೀಂ ಸಾಹೇಬರನ್ನು ಕ್ಯಾನ್ಸರ್ ರೋಗವು ಹಿಡಿದಿತ್ತು. 1963ರ ಜೂನಿನಲ್ಲಿ ಅವರು ತೀರಿಹೋದರು. ಅವರನ್ನು ಬದಲಿಸಬೇಕೆಂಬ ಪ್ರಶ್ನೆಯೇ ಏಳುವಂತಿರಲಿಲ್ಲ. ಕೊನೆಯ ವರೆಗೂ ಅವರು ಹೊಸತನ್ನು ಕಲಿಸುತ್ತಿದ್ದರು. ಬಹುಕಾಲದ ಸೇವೆ ತಾನಾಗಿ ದೋಷವಲ್ಲವೆಂಬುದಕ್ಕೆ ಅವರೇ ನಿದರ್ಶನ. ಆದರೆ ಅವರ ಬಳಿಕ ಏಷ್ಯಾ ಕ್ರೀಡೆಗಳ ಫುಟ್‌ಬಾಲಿನಲ್ಲಿ ಭಾರತಕ್ಕೆ 1970ರಲ್ಲಿ ಒಂದು ಕಂಚು ಬಂದದ್ದುಂಟು, ಚಿನ್ನ ಬಂದಿಲ್ಲ. ಇದಕ್ಕೆ ಕಾರಣಗಳು ಅನೇಕ. ಒಬ್ಬರ ವಿದ್ಯೆಯನ್ನು ನಾಲ್ವರಿಗೆ ಹಂಚಿಡದೆ ಅವರೊಬ್ಬರ ಮೇಲೆಯೇ ಭಾರ ಹಾಕಿದ್ದು ಅವುಗಳಲ್ಲಿ ಒಂದೆಂದು ನಮ್ಮ ನಂಬಿಕೆ.

ಇಷ್ಟನ್ನು ಬರೆದು ಲೇಖನಿಯನ್ನು ಕೆಳಗಿಡಬಹುದಿತ್ತು. ಆದರೆ ದೂರದ ಲಂಡನ್ನಿನ ಮಹಾಶಯರಿಗೆ ತೀರ್ಪು ಹೇಳಿ, ನಾವು ಕೂತಿರುವ ಕುರ್ಚಿಯನ್ನು ಮಾತ್ರ ನೋಡದೆ ಇರುವುದು ನ್ಯಾಯವಲ್ಲ. ಈ ಶಾಲೆಯ ಮುಖ್ಯೋಪಾಧ್ಯಾಯಿನಿಯ ಸ್ಥಾನದಲ್ಲಿ ನಾವು ಹನ್ನೊಂದು ವರ್ಷಗಳಿಂದ ಇದ್ದೇವೆ. ನಮ್ಮ ಹುಡುಗಿಯರಿಗೆ ಫುಟ್‌ಬಾಲ್ ಕಲಿಸಬೇಕೆಂದು ಎಳೆಯ ಉಪಾಧ್ಯಾಯಿನಿಯೊಬ್ಬರು ಕೆಲವು ವರ್ಷಗಳ ಹಿಂದೆ ನಮ್ಮನ್ನು ಕೇಳಿದರು. ಎಂಟನೆಯ ತರಗತಿಯ ಹನ್ನೆರಡು ಮಂದಿ ಹುಡುಗಿಯರು ರುಜುಮಾಡಿದ ಕಾಗದವೂ ಅದರೊಡನೆ ಇತ್ತು. ಥ್ರೋಬಾಲ್ ಇರುವಾಗ ಇದೇಕೆಂದು ನಮಗೆ ತೋರಿತು. "ಮುಂದಿನ ವರ್ಷ ನೋಡೋಣ" ಎಂದೆವು. ಮರುವರ್ಷ ಅವರು ಮತ್ತೆ ಬಂದರು; ಅದೇ ಉತ್ತರವನ್ನು ಕೊಟ್ಟೆವು. ಮೂರನೆಯ ವರ್ಷವೂ ಅದೇ. ನಾಲ್ಕನೆಯ ವರ್ಷ ನಾವು ಒಪ್ಪಿ ಚೆಂಡುಗಳನ್ನು ತರಿಸಿದಾಗ, ಮೊದಲ ಕಾಗದಕ್ಕೆ ರುಜುಮಾಡಿದ್ದ ಹನ್ನೆರಡು ಮಂದಿಯಲ್ಲಿ ಒಬ್ಬಳೂ ಶಾಲೆಯಲ್ಲಿರಲಿಲ್ಲ. ಹತ್ತನೆಯ ತರಗತಿಯನ್ನು ಮುಗಿಸಿ ಎಲ್ಲರೂ ಹೊರಟುಹೋಗಿದ್ದರು. ನಮಗೆ ಅದು ಮೂರು ಸಣ್ಣ ಮಾತು. ಅವರಿಗೆ ಅದೇ ಇಡೀ ಹೈಸ್ಕೂಲು. ಆ ಕಾಗದ ಇನ್ನೂ ನಮ್ಮ ಮೇಜಿನ ಸೆಳೆಖಾನೆಯಲ್ಲಿದೆ. ವೆಂಗರ್ ಮಹಾಶಯರ ಏಳು ವರ್ಷಗಳನ್ನು ಎಣಿಸುವಾಗ ನಮ್ಮ ಮೂರು ವರ್ಷಗಳು ನೆನಪಿಗೆ ಬಂದುವು.

ಆದುದರಿಂದ ನಮ್ಮ ಆಡಳಿತವರ್ಗದವರಲ್ಲಿಯೂ ಸಹೋದ್ಯೋಗಿಗಳಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ಬಿನ್ನಹವಿದು. ನಮ್ಮ ವರ್ಷಗಳನ್ನು ಎಣಿಸಬೇಡಿರಿ. ಒಂದು ವರ್ಷದ ಪರೀಕ್ಷೆಯ ಫಲಿತಾಂಶ ಇಳಿದರೆ ಕೂಡಲೆ ಬೆಚ್ಚಬೇಡಿರಿ. ಆದರೆ ಒಂದೇ ತಪ್ಪನ್ನು ನಾವು ಮತ್ತೆ ಮತ್ತೆ ಮಾಡುತ್ತಿರುವುದನ್ನು ಕಂಡರೆ, ಬೀದಿಯಲ್ಲಿ ಹೇಳದೆ ನಮ್ಮ ಕೊಠಡಿಗೆ ಬಂದು, ಬಾಗಿಲು ಹಾಕಿಕೊಂಡು, ನೇರವಾಗಿ ಹೇಳಿರಿ. ನಮ್ಮ ಮುಖ ಸ್ವಲ್ಪ ಚಿಕ್ಕದಾದರೂ ಚಿಂತೆಯಿಲ್ಲ. ಈ ಕೆಲಸವನ್ನು ಮುಂದೆ ಯಾರು ವಹಿಸಿಕೊಳ್ಳಬಲ್ಲರೆಂಬುದನ್ನು ಈಗಿನಿಂದಲೇ ಯೋಚಿಸಿರಿ. ದಾಖಲೆಪುಸ್ತಕಗಳನ್ನೂ ಸಭೆಗಳ ಅಧ್ಯಕ್ಷತೆಯನ್ನೂ ಈ ವರ್ಷದಿಂದ ಎಳೆಯ ಉಪಾಧ್ಯಾಯಿನಿಯರ ಕೈಗೆ ಸರದಿಯಂತೆ ಕೊಡುವೆವು.

ವೆಂಗರ್ ಮಹಾಶಯರ ವಿಷಯದಲ್ಲಿ ಒಂದು ಮಾತನ್ನು ಹೇಳಿ ಮುಗಿಸುವೆವು. 2018ರ ಮೇ 6ರಂದು ತವರಿನ ಕೊನೆಯ ಪಂದ್ಯದಲ್ಲಿ ಅವರ ತಂಡವು ಬರ್ನ್‌ಲಿಯನ್ನು 5-0ರಿಂದ ಸೋಲಿಸಿತು. ಕ್ರೀಡಾಂಗಣವೆಲ್ಲ ಎದ್ದುನಿಂತು ಅವರನ್ನು ಬೀಳ್ಕೊಟ್ಟಿತು. ಸೋಲದ ಆ ಋತುವಿನ ಚಿನ್ನದ ಪಾರಿತೋಷಕವನ್ನು ಅವರಿಗೆ ಕಾಣಿಕೆಯಾಗಿ ಕೊಟ್ಟರು. 2023ರಲ್ಲಿ ಅದೇ ಕ್ರೀಡಾಂಗಣದ ಹೊರಗೆ ಅವರ ಪ್ರತಿಮೆಯನ್ನು ನಿಲ್ಲಿಸಿದರು. ಅವರನ್ನು ಕಳುಹಿಸಿರೆಂದು ಕೂಗಿದವರೂ ತಮ್ಮ ಮಕ್ಕಳನ್ನು ಅದರ ಪಕ್ಕದಲ್ಲಿ ನಿಲ್ಲಿಸಿ ಚಿತ್ರ ತೆಗೆಯುವುದುಂಟಾದರೆ ನಮಗೆ ಆಶ್ಚರ್ಯವಿಲ್ಲ. ಬದಲಿಸಿದ್ದರಿಂದ ಅವರ ಗೌರವವೇನೂ ಕಡಿಮೆಯಾಗಲಿಲ್ಲ.

ಬಾಗಿಲಿಗೆ ಬಂದು ಕೇಳಿದ ಮಗುವೇ, ನಿನ್ನ ಪಕ್ಷವು ಬದಲಿಸಬೇಕೆಂದು ವಾದಿಸಿ ಅಂಕಗಳಲ್ಲಿ ಸೋತಿತು. ನಿನ್ನ ವಾದದಲ್ಲಿ ಕ್ರಮವಿರಲಿಲ್ಲ, ಕೊಟ್ಟ ಅಂಕಗಳನ್ನು ನಾವು ತಿದ್ದುವುದಿಲ್ಲ. ಆದರೆ ನ್ಯಾಯವು ನಿನ್ನ ಕಡೆಗೇ ಹೆಚ್ಚಾಗಿತ್ತೆಂದು ಈಗ ಹೇಳುತ್ತೇವೆ. ಮುಂದಿನ ಶನಿವಾರ ಸಂಜೆ ಮೈದಾನದಲ್ಲಿ ನಿಮ್ಮ ಆಟವನ್ನು ನೋಡಲು ಬರುವೆವು.